ಅಕ್ಷರಗುಂಡಿನಿಂದ ಅಂಗೈಯ ಗಂಟೆಯವರೆಗೆ

ಬೆಳಗಿನ ಆರೂವರೆಗೆ ಸರಿಯಾಗಿ ನಮ್ಮ ನಡುಮನೆಯಲ್ಲಿ ಒಂದು ಕೊಳಲು ನುಡಿಯುತ್ತದೆ. ನುಡಿಸುವವರು ಯಾರೂ ಇಲ್ಲ. ಗೋಡೆಯ ಗೂಡಿನಲ್ಲಿಟ್ಟ ನನ್ನ ಮೊಬೈಲ್ ಫೋನು ನಾಲ್ಕು ಕ್ಷಣ ಕೊಳಲಾಗಿ, ಬಳಿಕ ತನ್ನ ಮುಖದ ಮೇಲೆ ಒಂದು ಸಾಲನ್ನು ಮೂಡಿಸಿಕೊಂಡು ಸುಮ್ಮನಾಗುತ್ತದೆ: "ತಾತ, ಭುಜ ಕಾಯ್ತಾ ಇದೆ." ಬೆಂಗಳೂರಿನಲ್ಲಿ ಓದುತ್ತಿರುವ ಮೊಮ್ಮಗಳು ರಜೆಗೆ ಬಂದಾಗ ಬರೆದಿಟ್ಟು ಹೋದ ಸಾಲು ಅದು. ಆ ಸಾಲನ್ನು ಓದಿ ನಾನು ಎದ್ದು ಗೋಡೆಯ ಎದುರು ನಿಲ್ಲಬೇಕು, ಬೆರಳುಗಳಿಂದ ಗೋಡೆಯನ್ನು ಹತ್ತಬೇಕು. ಇದಿಷ್ಟೇ ಕಥೆ. ಆದರೆ ಇಷ್ಟನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಕಲಿಸಿದ ಗುರುಗಳಲ್ಲಿ ಒಬ್ಬ ಇಪ್ಪತ್ತೆರಡು ಶತಮಾನಗಳಿಗೂ ಹಿಂದಿನ ಚಕ್ರವರ್ತಿ ಎಂದರೆ ಓದುಗರು ನಗಬಹುದು. ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ನಕ್ಕುಬಿಡಿ.

ಮೂವತ್ತನಾಲ್ಕು ವರ್ಷ ಕಪ್ಪುಹಲಗೆಯ ಮುಂದೆ ಬಲಗೈ ಎತ್ತಿ ಬರೆದವನು ನಾನು. ನಿವೃತ್ತನಾದ ಕೆಲವು ವರ್ಷಗಳಿಗೆ ಆ ಕೈಯೇ ಮುಷ್ಕರ ಹೂಡಿತು. ಮೊದಲು ಅಂಗಿ ತೊಡುವಾಗ ಚುಳುಕ್ಕೆಂದಿತು; ಬಳಿಕ ರಾತ್ರಿ ಮಗ್ಗುಲಾಗಲು ಬಿಡದಾಯಿತು; ಕೊನೆಗೆ ತಲೆ ಬಾಚಿಕೊಳ್ಳಲು ಸಹ ಎಡಗೈಯನ್ನೇ ಬೇಡಬೇಕಾಯಿತು. ರಾಂಪುರದಿಂದ ಬಳ್ಳಾರಿಗೆ ಹೋಗಿ ತೋರಿಸಿದಾಗ ವೈದ್ಯರು 'ಫ್ರೋಜನ್ ಶೋಲ್ಡರ್' ಎಂದರು. ಭುಜದ ಕೀಲನ್ನು ಸುತ್ತಿದ ಚೀಲದಂತಹ ಪೊರೆ ಉರಿಯೂತದಿಂದ ದಪ್ಪಗಾಗಿ, ಬಿಗಿದು, ಕೀಲು ಹೆಪ್ಪುಗಟ್ಟಿದಂತಾಗುವ ತೊಂದರೆ ಅದು. ನನ್ನಂತೆ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ಬಿಟ್ಟುಕೊಡಲು ಒಂದರಿಂದ ಮೂರು ವರ್ಷ ಹಿಡಿಯಬಹುದು. ವ್ಯಾಯಾಮ ಹೇಳಿಕೊಟ್ಟ ಫಿಸಿಯೋಥೆರಪಿಯ ಹುಡುಗಿ ಕಡೆಯಲ್ಲಿ ಒಂದು ಮಾತು ಹೇಳಿದಳು: "ಸಾರ್, ಇದು ಗುಳಿಗೆ ಅಲ್ಲ, ಊಟ ಇದ್ದ ಹಾಗೆ. ಇವತ್ತು ಎರಡು ಪಟ್ಟು ಮಾಡಿ ನಾಳೆ ಬಿಟ್ಟರೆ ಆಗಲ್ಲ. ದಿನಾ ಸ್ವಲ್ಪ ಸ್ವಲ್ಪ."

ದಿನಾ ಸ್ವಲ್ಪ ಸ್ವಲ್ಪ! ಮಕ್ಕಳಿಗೆ ಮಗ್ಗಿ ಕಲಿಸುವಾಗ ನಾನೇ ಸಾವಿರ ಸಲ ಹೇಳಿದ ಮಾತು. ನನಗೇ ಅನ್ವಯಿಸಿಕೊಳ್ಳುವ ಹೊತ್ತು ಬಂದಾಗ ಮೊದಲ ವಾರ ಉತ್ಸಾಹ, ಎರಡನೆಯ ವಾರ ಮರೆವು, ಮೂರನೆಯ ವಾರ ನೆಪ.

ಆಗ ಮೊಮ್ಮಗಳು ಫೋನಿನಲ್ಲಿ ಅಲಾರಂ ಇಟ್ಟಳು. ಅದು ಬೆಂಕಿ ಬಿದ್ದಾಗ ಹೊಡೆಯುವ ಗಂಟೆಯಂತೆ ಅರಚಿತು. ಪೂಜೆಗೆ ಕುಳಿತಿದ್ದ ನನ್ನಾಕೆ ಬೆಚ್ಚಿ, "ಏನ್ರೀ ಅದು, ಮನೇಲಿ ಫ್ಯಾಕ್ಟರಿ ಸೈರನ್ನು!" ಎಂದಳು. ನಾನು ಸಿಟ್ಟಿನಿಂದ ಅದರ ಬಾಯಿ ಮುಚ್ಚಿಸಿ ಮತ್ತೆ ಪತ್ರಿಕೆ ಹಿಡಿದೆ. ಅದನ್ನು ಕಂಡ ಹುಡುಗಿ ಏನನ್ನೂ ಹೇಳದೆ ಸದ್ದನ್ನು ಬದಲಿಸಿದಳು. ಕೊಳಲು ಬಂತು, ಜೊತೆಗೆ ಆ ಸಾಲೂ ಬಂತು. ಅವಳು ಊರಿಗೆ ಹಿಂದಿರುಗಿದ ಮೇಲೆ ನಾನು ಮಾಡಿದ ಕೆಲಸವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹನ್ನೊಂದು ದಿನ, ಎಣಿಸಿ ಹೇಳುತ್ತಿದ್ದೇನೆ, ಕೊಳಲು ನುಡಿದಾಗಲೆಲ್ಲ 'ಮುಗಿಯಿತು' ಎಂಬ ಗುರುತನ್ನು ಒತ್ತಿ, ಕೈ ಎತ್ತದೆ ಕುಳಿತಿದ್ದೆ. ಸಂಜೆ ಅವಳು ಫೋನು ಮಾಡಿ "ಮಾಡಿದ್ರಾ ತಾತ?" ಎಂದಾಗ "ಹೂಂ ಪುಟ್ಟಿ" ಎಂದಿದ್ದೆ. ಹಾಜರಿ ಕೂಗಿದಾಗ ಗೆಳೆಯನ ಪರವಾಗಿ 'ಹಾಜರ್ ಸಾರ್' ಎನ್ನುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಮೇಷ್ಟರು ಮಾಡಿದ ಕೆಲಸ ಇದು. ಆ ಕಳ್ಳ ಹಾಜರಿಯ ದಿನಗಳಲ್ಲಿಯೇ ನನಗೆ ಅಕ್ಷರಗುಂಡಿನ ನೆನಪಾದುದು.

ನಮ್ಮ ಮೊಳಕಾಲ್ಮೂರು ತಾಲ್ಲೂಕಿಗೆ ಬರಗಾಲದ ಹೆಸರಿದೆ, ರೇಷ್ಮೆ ಸೀರೆಯ ಹೆಸರಿದೆ. ಇವೆರಡಕ್ಕೂ ಹಿರಿದಾದ ಮತ್ತೊಂದು ಹೆಸರಿದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಈ ನೆಲದವರೆಗೂ ಚಾಚಿತ್ತೆಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆತದ್ದು ಹೀಗೆ. ಬ್ರಹ್ಮಗಿರಿಯ ಬಂಡೆಯನ್ನು ಊರಿನವರು 'ಅಕ್ಷರಗುಂಡು' ಎಂದೇ ಕರೆಯುತ್ತಿದ್ದರು. ಓದಲು ಯಾರಿಗೂ ಬಾರದಿದ್ದರೂ ಅದು ಅಕ್ಷರವೆಂಬುದನ್ನು ಜನ ಮರೆತಿರಲಿಲ್ಲ. ಜಟಾಯು ಬಿದ್ದ ಸ್ಥಳವೆಂದು ಹೇಳುವ ಜಟಿಂಗ ರಾಮೇಶ್ವರದ ಬಂಡೆಗೆ 'ಬಳೆಗಾರ ಗುಂಡು' ಎಂಬ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗವದು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದ ಮೇಲಂತೂ ದಕ್ಷಿಣ ಭಾರತದ ಪ್ರಾಚೀನ ಇತಿಹಾಸದ ಪುಸ್ತಕಗಳಲ್ಲೆಲ್ಲ ಈ ಊರು ಸೇರಿಹೋಯಿತು.

ಪ್ರತಿ ವರ್ಷ ಏಳನೆಯ ತರಗತಿಯ ಮಕ್ಕಳನ್ನು ನಾನು ಅಲ್ಲಿಗೆ ನಡೆಸಿಕೊಂಡು ಹೋಗುತ್ತಿದ್ದೆ. "ಇದು ಬ್ರಾಹ್ಮೀ ಲಿಪಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ, ಕಡೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ, ಅವನ ವೃತ್ತಿಯ ಹೆಸರು ಮಾತ್ರ ಖರೋಷ್ಠೀ ಲಿಪಿಯಲ್ಲಿದೆ" ಎಂದು ಪರೀಕ್ಷೆಗೆ ಬೇಕಾದುದನ್ನೆಲ್ಲ ಹೇಳುತ್ತಿದ್ದೆ. ಶಾಸನ ಏನು ಹೇಳುತ್ತದೆ ಎಂಬುದನ್ನು ಮಾತ್ರ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಕಳ್ಳ ಹಾಜರಿಯ ಹನ್ನೊಂದನೆಯ ದಿನ, ಮನಸ್ಸಿಗೆ ಕಸಿವಿಸಿಯಾಗಿ, ಹಳೆಯ ಟಿಪ್ಪಣಿ ಪುಸ್ತಕವನ್ನು ತೆಗೆದು ಅದರ ಅನುವಾದವನ್ನು ಮತ್ತೆ ಓದಿದೆ.

ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಸಂದೇಶ ಅದು. ಆಜ್ಞೆಗೂ ಮೊದಲು ಅದರಲ್ಲಿರುವುದು ಆರೋಗ್ಯ ವಿಚಾರಣೆ. ಅಲ್ಲಿನ ಅಧಿಕಾರಿಗಳ ಆರೋಗ್ಯವನ್ನು ಕೇಳಿ, ಅನಂತರ ವಿಷಯವನ್ನು ತಿಳಿಸಬೇಕೆಂದಿದೆ. ಆ ಬಳಿಕ ಚಕ್ರವರ್ತಿ ತನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಆದರೆ ಒಂದು ವರ್ಷ ಸರಿಯಾಗಿ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರಕ್ಕೆ ಬಂದ ಮೇಲೆ, ಈಗ ಒಂದು ವರ್ಷಕ್ಕೂ ಮೀರಿ, ಚೆನ್ನಾಗಿ ಪ್ರಯತ್ನಿಸುತ್ತಿದ್ದೇನೆ ಎಂಬುದು ಅದರ ಸಾರ. ಮುಂದೆ, ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವನೂ ಪ್ರಯತ್ನಿಸಿದರೆ ಪಡೆಯಬಲ್ಲ ಎನ್ನುತ್ತಾನೆ.

ಮೂವತ್ತು ಸಲವಾದರೂ ಆ ಬಂಡೆಯ ಮುಂದೆ ನಿಂತಿದ್ದೇನೆ. ಈ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಕಳಿಂಗವನ್ನು ಗೆದ್ದ ದೊರೆ, 'ಒಂದು ವರ್ಷ ನಾನು ಮಾಡಲಿಲ್ಲ' ಎಂಬುದನ್ನು ಕಲ್ಲಿನಲ್ಲಿ ಕೊರೆಸುತ್ತಾನೆ. ನಾನು ಹನ್ನೊಂದು ದಿನ ಮಾಡದಿದ್ದುದನ್ನು ಹದಿನೆಂಟು ವರ್ಷದ ಮೊಮ್ಮಗಳಿಗೆ ಹೇಳಲಾರದೆ ಹೋದೆ. ಅವನ ಪ್ರಯತ್ನ ಧರ್ಮಕ್ಕೆ, ನನ್ನದು ಬರಿಯ ಭುಜಕ್ಕೆ ಎಂಬ ವ್ಯತ್ಯಾಸ ನನಗೆ ತಿಳಿಯದುದಲ್ಲ. ಆದರೆ ತಪ್ಪಿದವನು ಮರಳಿ ಬರುವ ದಾರಿ ಎರಡಕ್ಕೂ ಒಂದೇ. ಆ ಸಂಜೆಯೇ ಫೋನು ಮಾಡಿ ಒಪ್ಪಿಕೊಂಡೆ. ಆ ಕಡೆ ಒಂದು ನಿಮಿಷ ಮೌನ; ಆಮೇಲೆ, "ನಂಗೊತ್ತಿತ್ತು ತಾತ. ಆರೂವರೆಗೆ ಕೊಳಲು, ಆರೂವರೆಗೇ ಮುಗೀತು ಅಂತ ತೋರಿಸ್ತಿತ್ತು. ನಾಳೆಯಿಂದ ಮಾಡಿ, ಅಷ್ಟೆ" ಎಂದಳು. ನಾನು ಮೇಷ್ಟರಾಗಿದ್ದಾಗ ಯಾವ ಹುಡುಗನಿಗೂ ಇಷ್ಟು ಹಗುರವಾಗಿ 'ನಾಳೆಯಿಂದ ಮಾಡು' ಎಂದವನಲ್ಲ.

ನೆನಪಿಸುವ ಕಲೆಯಲ್ಲಿ ಅಶೋಕನದು ಪಳಗಿದ ಕೈ. ಒಂದೇ ಸಂದೇಶವನ್ನು ಹಲವು ಬಂಡೆಗಳ ಮೇಲೆ ಬರೆಸಿದ. ನಮಗೆ ದೂರವಲ್ಲದ ಕರ್ನೂಲು ಜಿಲ್ಲೆಯ ಎರ‍್ರಗುಡಿಯ ಪಾಠದಲ್ಲಿ ಅಧಿಕಾರಿಗಳು ಭೇರಿ ಬಾರಿಸಿ ಜನಪದಕ್ಕೆ ಇದನ್ನು ತಿಳಿಸಬೇಕೆಂಬ ಸೂಚನೆಯಿದೆ. ಒಡಿಶಾದ ಧೌಲಿ, ಜೌಗಡಗಳಲ್ಲಿರುವ ಪ್ರತ್ಯೇಕ ಶಾಸನಗಳಲ್ಲಿ ನಾಲ್ಕು ತಿಂಗಳಿಗೊಮ್ಮೆ ತಿಷ್ಯ ನಕ್ಷತ್ರದ ದಿನ ಇದನ್ನು ಕೇಳಿಸಬೇಕು, ನಡುನಡುವೆ ಒಬ್ಬನೇ ಇದ್ದರೂ ಕೇಳಿಸಬಹುದು ಎಂದಿದೆ. ಈ ಪ್ರತ್ಯೇಕ ಶಾಸನಗಳ ಪಾಠ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಒಮ್ಮೆ ಹೇಳಿದರೆ ಸಾಲದು, ನಿಗದಿಯಾದ ದಿನ ಮತ್ತೆ ಹೇಳಬೇಕು. ಗುಂಪಿಗಷ್ಟೇ ಅಲ್ಲ, ಒಬ್ಬನಿಗೂ ಹೇಳಬೇಕು. ನನ್ನ ಫೋನು ಮಾಡುತ್ತಿರುವುದು ಇದಕ್ಕಿಂತ ಹೊಸದೇನಲ್ಲ. ಭೇರಿ ಹೋಗಿ ಕೊಳಲು ಬಂದಿದೆ, ತಿಷ್ಯ ನಕ್ಷತ್ರ ಹೋಗಿ ಆರೂವರೆ ಬಂದಿದೆ.

ದೇಹಕ್ಕೂ ನೆನಪಿಗೂ ಇರುವ ನಂಟನ್ನು ನಾನು ಮೊದಲು ಕಂಡದ್ದು ಬಂಡೆಯ ಮೇಲಲ್ಲ, ಮನೆಯಲ್ಲಿ. ನಮ್ಮ ತಂದೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು. ಗುಂಡಿಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕುಳಿತು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟಿರುತ್ತಾನೆ. ಕಾಲು ತುಳಿಯುತ್ತಿರುತ್ತದೆ, ಕೈ ಲಾಳಿ ಓಡಿಸುತ್ತಿರುತ್ತದೆ, ಬೆನ್ನು ಮಾತ್ರ ಮುಂದಕ್ಕೆ ಬಾಗಿ ಗಂಟೆಗಟ್ಟಲೆ ಹಾಗೆಯೇ ಇರುತ್ತದೆ. ಮಗ್ಗದ ಸದ್ದು ನಿಂತರೆ ಮನೆಯ ಒಲೆ ಆರುತ್ತದೆ ಎಂಬುದೊಂದೇ ಅಲ್ಲಿನ ಗಂಟೆ. 'ಏಳು, ಬೆನ್ನು ಚಾಚು' ಎಂದು ನೆನಪಿಸುವ ಗಂಟೆ ಯಾವುದೂ ಇರಲಿಲ್ಲ. ಅಪ್ಪ ಐವತ್ತು ದಾಟುವ ಹೊತ್ತಿಗೆ ಅವರ ಬೆನ್ನು ನಿಂತಾಗಲೂ ಮಗ್ಗದಲ್ಲಿ ಕುಳಿತಂತೆಯೇ ಇತ್ತು. ಊರಿನಲ್ಲಿ ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. 'ಮಗ್ಗದ ಬೆನ್ನು' ಎಂದರು. ಮೊಳಕಾಲ್ಮೂರು ಸೀರೆಗೆ ಇಂದು ಭೌಗೋಳಿಕ ಸೂಚಕದ ಮನ್ನಣೆಯಿದೆ. ಅದನ್ನು ನೇಯ್ದ ಬೆನ್ನುಗಳ ಲೆಕ್ಕ ಯಾವ ದಾಖಲೆಯಲ್ಲಿದೆ? ನಾನು ಓದಿ ಮೇಷ್ಟರಾದೆ, ಮಗ್ಗದಿಂದ ತಪ್ಪಿಸಿಕೊಂಡೆನೆಂದು ಬೀಗಿದೆ. ಅಪ್ಪನ ಪಕ್ಕದಲ್ಲಿ ಕುಳಿತು 'ಸ್ವಲ್ಪ ಎದ್ದು ನಿಲ್ಲಪ್ಪ' ಎಂದು ಒಂದು ದಿನ ಹೇಳಿದ ನೆನಪು ನನಗಿಲ್ಲ.

ಹಾಗೆಂದು ನಮ್ಮ ಸೀಮೆಗೆ ದೇಹವನ್ನು ಪಳಗಿಸುವ ವಿದ್ಯೆ ಗೊತ್ತಿರಲಿಲ್ಲವೆಂದಲ್ಲ. ಜಗತ್ತಿಗೇ ಆ ವಿದ್ಯೆಯನ್ನು ಹಂಚಿದವರೊಬ್ಬರು ಚಿತ್ರದುರ್ಗ ಸೀಮೆಯವರು. 1888ರಲ್ಲಿ ಮುಚುಕುಂದಪುರದಲ್ಲಿ ಹುಟ್ಟಿದ ತಿರುಮಲೆ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅವರ ಶಿಷ್ಯರಾದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಮತ್ತು ಪಟ್ಟಾಭಿ ಜೋಯಿಸರು ಆ ವಿದ್ಯೆಯನ್ನು ಲೋಕದ ಮೂಲೆಮೂಲೆಗೆ ಒಯ್ದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಅಯ್ಯಂಗಾರರು ಬಾಲ್ಯದಲ್ಲಿ ರೋಗಿಷ್ಠರಾಗಿದ್ದವರು. ಕುರ್ಚಿ, ಪಟ್ಟಿ, ಮರದ ತುಂಡು, ಗೋಡೆಗಳ ಆಸರೆಯಿಂದ ವಯಸ್ಸಾದವರೂ ಆಸನ ಮಾಡಬಹುದೆಂದು ತೋರಿಸಿದವರು. ನಾನು ಇಂದು ಗೋಡೆಯ ಎದುರು ನಿಲ್ಲುವಾಗ ಆ ಗೋಡೆಗೂ ಒಂದು ಗುರುಪರಂಪರೆಯಿದೆ ಎಂದುಕೊಂಡು ಧೈರ್ಯ ತಾಳುತ್ತೇನೆ.

ಮತ್ತೊಬ್ಬರು ಹೊರಗಿನಿಂದ ಬಂದು ನಮ್ಮವರೇ ಆದವರು. ಕಾಸರಗೋಡು ಸೀಮೆಯಲ್ಲಿ ಹುಟ್ಟಿ, ಊರೂರು ಅಲೆದು ವ್ಯಾಯಾಮ, ಯೋಗಗಳನ್ನು ಕಲಿಸುತ್ತ, 1943ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಬಂದು ನೆಲೆಸಿದ ರಾಘವೇಂದ್ರ ಸ್ವಾಮೀಜಿಯವರು. 'ತಿರುಕ' ಎಂಬ ಹೆಸರಿನಲ್ಲಿ ಬರೆದವರು, ಅನಾಥಸೇವಾಶ್ರಮವನ್ನು ಕಟ್ಟಿದವರು. 1996ರಲ್ಲಿ ಅವರು ದೇಹ ಬಿಡುವ ಹೊತ್ತಿಗೆ ನೂರು ವರ್ಷ ದಾಟಿತ್ತು. ನಮ್ಮ ಹಳ್ಳಿಗಾಡಿನಲ್ಲಿ ಯೋಗವೆಂಬುದು ಅರಮನೆಯ ಮಾತಾಗಿ ಉಳಿಯದೆ ಬಯಲಿಗೆ ಬಂದದ್ದು ಅವರ ಶಿಬಿರಗಳಿಂದ.

ನಾನು ಓದುವಾಗ ನಮಗಿದ್ದ ಡ್ರಿಲ್ ಮೇಷ್ಟರು ಅಂತಹ ಶಿಬಿರವೊಂದರಲ್ಲಿ ಕಲಿತು ಬಂದವರು. ಶಿಬಿರದಲ್ಲಿ ನಸುಕಿಗೇ ಗಂಟೆಯಾಗುತ್ತಿತ್ತು, ನೂರಾರು ಜನ ಒಟ್ಟಿಗೆ ಏಳುತ್ತಿದ್ದರು, ಆಗ ಯಾರಿಗೂ ಕಷ್ಟವಾಗುತ್ತಿರಲಿಲ್ಲ ಎಂದು ಅವರು ಹೇಳುತ್ತಿದ್ದರು. "ಕಷ್ಟ ಆಗೋದು ಊರಿಗೆ ಬಂದ ಮೇಲೆ ಕಣ್ರೋ. ಅಲ್ಲಿ ಗಂಟೆ ಬೇರೆಯವರು ಹೊಡೀತಾರೆ, ಇಲ್ಲಿ ನಾವೇ ಹೊಡ್ಕೋಬೇಕು" ಎಂಬುದು ಅವರ ಮಾತು. ಈಗ ಯೋಚಿಸಿದರೆ, ಅಭ್ಯಾಸದ ಇಡೀ ಸಮಸ್ಯೆಯನ್ನು ಆ ಮೇಷ್ಟರು ಎರಡು ವಾಕ್ಯದಲ್ಲಿ ಹೇಳಿಬಿಟ್ಟಿದ್ದರು.

ಗಂಟೆಯ ಮಾತು ಬಂತು. ನಾನು ಮೇಷ್ಟರಾಗಿ ಸೇರಿದ ಶಾಲೆಯಲ್ಲಿ ಬೇವಿನ ಮರಕ್ಕೆ ರೈಲು ಹಳಿಯ ಒಂದು ತುಂಡನ್ನು ತೂಗುಹಾಕಿದ್ದರು. ಅದು ಮೊಳಗಿದರೆ ಮಕ್ಕಳು ಸಾಲಾಗಿ ನಿಲ್ಲಬೇಕು. ಒಂದು, ಎರಡು, ಮೂರು, ನಾಲ್ಕು ಎಂದು ನಾನು ಎಣಿಸಿದಂತೆ ಕೈಗಳು ಮುಂದೆ, ಮೇಲೆ, ಪಕ್ಕಕ್ಕೆ, ಕೆಳಗೆ ಹೋಗಬೇಕು. ಕೈ ಏಳದ ಹುಡುಗರಿಗೆ ನನ್ನ ಬಳಿ ಬೆತ್ತವಿತ್ತು. ಒಬ್ಬ ಹುಡುಗನ ಕೈ ದಿನವೂ ಭುಜದ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ಸೋಮಾರಿ ಎಂದು ತೀರ್ಮಾನಿಸಿ ಹಲವು ಸಲ ಹೊಡೆದೆ. ಅವನು ಅಳಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಕೆಲವು ತಿಂಗಳ ಮೇಲೆ ಅವನ ಮನೆಯ ಮುಂದೆ ಹೋಗುವಾಗ ಕಂಡೆ: ಬೆಳಕು ಹರಿಯುವ ಮುನ್ನವೇ ಅವನು ಕುಳಿತು ಲಾಳಿಗೆ ಕಂಡಿಕೆ ಸುತ್ತುತ್ತಿದ್ದ. ಗಂಟೆಗಟ್ಟಲೆ ರಾಟೆ ತಿರುಗಿಸಿದ ಕೈಯನ್ನು ಹೊತ್ತುಕೊಂಡೇ ಅವನು ನನ್ನ ಡ್ರಿಲ್ಲಿಗೆ ಬರುತ್ತಿದ್ದ. ನೇಕಾರನ ಮಗನಾಗಿ ನನಗೆ ಅದು ತಿಳಿಯಬೇಕಿತ್ತು. ಹೊಡೆಯುವುದನ್ನು ಬಿಟ್ಟೆನೇ ಹೊರತು ಅವನನ್ನು ಕರೆದು ಒಂದು ಮಾತು ಆಡಲಿಲ್ಲ. ಮುಂದಿನ ವರ್ಷ ಅವನು ಶಾಲೆಗೆ ಬರಲಿಲ್ಲ. ನನ್ನ ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟ ದಿನಗಳಲ್ಲಿ, ಕನ್ನಡಿಯ ಮುಂದೆ ನಾನು ಮತ್ತೆ ಮತ್ತೆ ಕಂಡದ್ದು ಆ ಹುಡುಗನ ಕೈಯನ್ನು. ಅವನು ಈಗ ಎಲ್ಲಿದ್ದಾನೋ ತಿಳಿಯದು. ಈ ಬರಹವನ್ನು ಬರೆಯಲು ಹೊರಟದ್ದರಲ್ಲಿ ಅವನ ಪಾಲೂ ಇದೆ.

ಹಳಿಯ ಗಂಟೆಯ ಬಳಿಕ ನಮ್ಮ ಊರಿಗೆ ಗಂಟೆಯಾದದ್ದು ರೇಡಿಯೋ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿ, 'ಆಕಾಶವಾಣಿ' ಎಂಬ ಹೆಸರು ಪ್ರಚಾರಕ್ಕೆ ಬರಲು ಕಾರಣರಾದರು. ಬೆಳಗಿನ ಆ ರಾಗದ ತುಣುಕು ಕೇಳಿದರೆ ಹಾಲು ಕರೆಯುವವರು ಏಳುತ್ತಿದ್ದರು, ವಾರ್ತೆ ಮುಗಿದರೆ ಶಾಲೆಯ ಮಕ್ಕಳು ಹೊರಡುತ್ತಿದ್ದರು. ಅದು ಊರಿಗೆಲ್ಲ ಒಂದೇ ಗಂಟೆ. ಟೈಂಪೀಸು ಮಾತ್ರ ಒಬ್ಬೊಬ್ಬರ ಗಂಟೆ. ಬೇಕಾದ ಹೊತ್ತಿಗೆ ಹೊಂದಿಸಬಹುದಾದ ಅಲಾರಂ ಗಡಿಯಾರಕ್ಕೆ ಫ್ರಾನ್ಸಿನ ಆಂಟನ್ ರೆಡಿಯೆ 1847ರಲ್ಲಿ ಪೇಟೆಂಟ್ ಪಡೆದ. ಅದರ ಬಾಯಿಯನ್ನು ಕೆಲವು ನಿಮಿಷ ಮುಚ್ಚಿಸುವ 'ಸ್ನೂಜ್' ಗುಂಡಿ ಅಮೆರಿಕದ ಗಡಿಯಾರಗಳಲ್ಲಿ 1950ರ ದಶಕದಲ್ಲಿ ಬಂತು. ಎಬ್ಬಿಸುವ ಯಂತ್ರದ ಜೊತೆಗೆ ಏಳದಿರುವ ಯಂತ್ರವನ್ನೂ ಮನುಷ್ಯ ಜೋಡಿಸಿಕೊಂಡ! ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು. ಇಂದು ಭೇರಿ, ಹಳಿಯ ತುಂಡು, ರೇಡಿಯೋ, ಟೈಂಪೀಸುಗಳೆಲ್ಲ ಅಂಗೈಯಗಲದ ಗಾಜಿನ ಹಿಂದೆ ಸೇರಿಕೊಂಡಿವೆ.

ಇಷ್ಟಾದರೂ ಗಂಟೆ ಅಭ್ಯಾಸವಲ್ಲ. ಇಪ್ಪತ್ತೊಂದು ದಿನ ಮಾಡಿದರೆ ಯಾವುದೂ ರೂಢಿಯಾಗುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಶಸ್ತ್ರವೈದ್ಯರು 1960ರ ತಮ್ಮ ಪುಸ್ತಕದಲ್ಲಿ, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ ಅಷ್ಟು ದಿನ ಬೇಕೆಂದು ಬರೆದುದು ಬಾಯಿಂದ ಬಾಯಿಗೆ ಹೀಗಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಕೆಲಸ ತಾನಾಗಿ ನಡೆಯುವಂತಾಗಲು ಮಧ್ಯಮ ಲೆಕ್ಕದಲ್ಲಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಹೋಗಬಹುದು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ ಎಂಬುದೂ ಅದರಲ್ಲಿದೆ. ಬ್ರಹ್ಮಗಿರಿಯ ಶಾಸನದಲ್ಲಿಯೂ 256 ಎಂಬ ಒಂದು ಸಂಖ್ಯೆಯಿದೆ; ಅದು ದೊರೆ ಪ್ರವಾಸದಲ್ಲಿ ಕಳೆದ ರಾತ್ರಿಗಳ ಎಣಿಕೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಎರಡಕ್ಕೂ ಸಂಬಂಧವಿಲ್ಲ, ಗೊತ್ತು. ಆದರೂ ಗೋಡೆಯ ಮುಂದೆ ನಿಂತ ಮುದುಕನಿಗೆ ಇಂತಹ ಸಣ್ಣ ಕಾಕತಾಳೀಯಗಳು ಒಂದು ಖುಷಿ.

ಇನ್ನೊಂದು ಮಾತು ನನ್ನ ಕಣ್ಣು ತೆರೆಸಿತು. 2015ರಲ್ಲಿ ಅದೇ ಕಾಲೇಜಿನ ಸಂಶೋಧಕರು, ಫೋನಿನ ನೆನಪೋಲೆಗಳು ಕೆಲಸವನ್ನು ಮತ್ತೆ ಮತ್ತೆ ಮಾಡಿಸುತ್ತವೆ, ಆದರೆ ಅಭ್ಯಾಸ ಬೇರೂರುವುದಕ್ಕೆ ಅವೇ ಅಡ್ಡಿಯಾಗಲೂಬಹುದು ಎಂದು ಕಂಡುಕೊಂಡರು. ಫೋನು ಕೂಗಿದರೆ ಮಾಡುವವನು ಫೋನು ಕೂಗದಿದ್ದರೆ ಮರೆಯುತ್ತಾನೆ. ದಿನದಲ್ಲಿ ಆಗಲೇ ಇರುವ ಒಂದು ಕೆಲಸಕ್ಕೆ ಹೊಸದನ್ನು ಗಂಟು ಹಾಕಿದರೆ ಅದು ನಿಲ್ಲುತ್ತದೆ. ಡ್ರಿಲ್ ಮೇಷ್ಟರ ಮಾತೇ ಇದು: ಗಂಟೆಯನ್ನು ಬೇರೆಯವರು ಹೊಡೆಯುವವರೆಗೆ ಅದು ಶಿಬಿರ, ನಾವೇ ಹೊಡೆದುಕೊಂಡಾಗ ಅದು ಬದುಕು.

ಆದುದರಿಂದ ನನ್ನ ಕ್ರಮವನ್ನು ಹೀಗೆ ಬದಲಿಸಿಕೊಂಡೆ. ಕಾಫಿಯ ಫಿಲ್ಟರಿಗೆ ನೀರು ಹೊಯ್ದರೆ ಡಿಕಾಕ್ಷನ್ ಇಳಿಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಭುಜದ್ದು. ಕೊಳಲನ್ನು ಆ ಹೊತ್ತಿಗೇ ಹೊಂದಿಸಿದೆ. ಮೊದಲು ಮೇಜನ್ನು ಹಿಡಿದು ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು. ಬಳಿಕ ಬೆರಳುಗಳಿಂದ ಗೋಡೆ ಹತ್ತುವುದು. ಅನಂತರ ಬೆನ್ನ ಹಿಂದೆ ಟವೆಲ್ ಹಿಡಿದು ನಿಧಾನವಾಗಿ ಎಳೆಯುವುದು. ಕಡೆಯಲ್ಲಿ ಗೋಡೆಗೆ ಕೈಯೂರಿ ಹಿಮ್ಮಡಿ ನೆಲಕ್ಕೊತ್ತಿ ಮೀನಖಂಡವನ್ನು ಚಾಚುವುದು. ಒಂದೊಂದನ್ನು ಮೂವತ್ತು ಸೆಕೆಂಡು ಹಿಡಿಯುತ್ತೇನೆ; ಜಗ್ಗುವುದಿಲ್ಲ, ಉಸಿರು ಕಟ್ಟುವುದಿಲ್ಲ. ಸೆಳೆತ ಕಾಣಬೇಕು, ಚುಚ್ಚುವ ನೋವು ಕಂಡರೆ ನಿಲ್ಲಿಸಬೇಕು. ಇವು ನನ್ನ ಭುಜಕ್ಕೆ ಹೇಳಿಕೊಟ್ಟವು. ನಿಮ್ಮ ಭುಜಕ್ಕೆ ಏನು ಬೇಕೆಂಬುದನ್ನು ತಿಳಿದವರಿಂದಲೇ ಕೇಳಿಕೊಳ್ಳಿ.

ಬೆರಳು ಎಷ್ಟು ಎತ್ತರಕ್ಕೆ ಹೋಯಿತೆಂಬುದನ್ನು ಪ್ರತಿ ಭಾನುವಾರ ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದು, ತಾರೀಖು ಬರೆಯತೊಡಗಿದೆ. "ಸುಣ್ಣ ಬಳಿದ ಗೋಡೆ ಹಾಳು ಮಾಡ್ತೀರಲ್ರೀ" ಎಂದಳು ನನ್ನಾಕೆ. ಇದು ನನ್ನ ಅಕ್ಷರಗುಂಡು ಎಂದೆ. ಕೆಲವು ಭಾನುವಾರಗಳ ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪಗಾಗಿವೆ, ಒಂದೆರಡು ಕೆಳಕ್ಕೂ ಇಳಿದಿವೆ. ಅವುಗಳನ್ನು ಅಳಿಸಿಲ್ಲ. ಮಾಡದ ವರ್ಷವನ್ನೂ ಬರೆಸಿದವನ ಪಾಠವನ್ನು ಅಷ್ಟಾದರೂ ಪಾಲಿಸಬೇಡವೇ?

ಈಗ ಗೆರೆ ಬಾಗಿಲ ಚೌಕಟ್ಟಿನ ಮೇಲಂಚಿನ ಮಟ್ಟಕ್ಕೆ ಬಂದಿದೆ. ಇದೆಲ್ಲ ಕೊಳಲಿನ ಮಹಿಮೆ ಎನ್ನಲಾರೆ. ಈ ಕಾಯಿಲೆ ಕಾಲ ಕಳೆದಂತೆ ತಾನಾಗಿಯೂ ಸಡಿಲಾಗುವುದುಂಟು. ವೈದ್ಯರ ಪಾಲಿದೆ, ಸಕ್ಕರೆಯನ್ನು ಹದ್ದಿನಲ್ಲಿಟ್ಟ ನನ್ನಾಕೆಯ ರಾಗಿಮುದ್ದೆಯ ಪಾಲೂ ಇದೆ. ಕೊಳಲು ಮಾಡಿದ್ದು ಒಂದೇ ಕೆಲಸ: ತಪ್ಪಿದ ದಿನದ ಮರುದಿನ ನನ್ನನ್ನು ಮತ್ತೆ ಕರೆಯಿತು, ನಿನ್ನೆ ಏಕೆ ಬರಲಿಲ್ಲವೆಂದು ಕೇಳಲಿಲ್ಲ. ಬೆತ್ತ ಹಿಡಿದ ನನ್ನ ಗಂಟೆಗೆ ಬಾರದಿದ್ದ ವಿದ್ಯೆ ಅದು. ಆ ಗಂಟೆಗೆ ಹೆದರಿ ಕೈ ಎತ್ತಿದ ಮಕ್ಕಳಲ್ಲಿ ಎಷ್ಟು ಜನ ಇಂದು ಬೆಳಿಗ್ಗೆ ಎದ್ದು ತಮ್ಮಷ್ಟಕ್ಕೆ ತಾವೇ ಕೈ ಎತ್ತುತ್ತಾರೆ? ಬಹುಶಃ ಹೆಚ್ಚು ಜನರಿಲ್ಲ. ಆ ತಪ್ಪು ಅವರದಲ್ಲ.

ಕಳೆದ ತಿಂಗಳು ಒಂದು ಬೆಳಿಗ್ಗೆ ಫಿಲ್ಟರಿಗೆ ನೀರು ಹೊಯ್ದು, ಗೋಡೆಯ ಮುಂದೆ ನಿಂತು, ಬೆರಳು ಅರ್ಧ ದಾರಿ ಹತ್ತಿದ್ದಾಗ ಕೊಳಲು ನುಡಿಯಿತು. ಅದು ಕರೆಯುವ ಮೊದಲೇ ನಾನು ಬಂದಿದ್ದೆ. ಸಂಜೆ ಮೊಮ್ಮಗಳಿಗೆ ಹೇಳಿದೆ. "ಹಾಗಾದ್ರೆ ತೆಗೆದುಬಿಡ್ಲಾ ತಾತ?" ಎಂದಳು. ಬೇಡ, ಇರಲಿ ಎಂದೆ. ಆ ಬಂಡೆಯನ್ನೂ ಯಾರೂ ತೆಗೆದಿಲ್ಲವಲ್ಲ.

ಮುಂದಿನ ರಜೆಗೆ ಅವಳು ಬಂದಾಗ ಬ್ರಹ್ಮಗಿರಿಗೆ ಹೋಗುವುದೆಂದು ನಿಶ್ಚಯವಾಗಿದೆ. ಈ ಸಲ ಲಿಪಿ, ಭಾಷೆ, ಕಾಲಗಳನ್ನು ಅವಳೇ ಓದಿಕೊಳ್ಳಲಿ. ಬಲಗೈ ಎತ್ತಿ ಆ ಮಾಡದ ವರ್ಷದ ಸಾಲನ್ನು ತೋರಿಸುವುದಷ್ಟೇ ನನ್ನ ಪಾಲಿನ ಪಾಠ.